ನಾಯಕತ್ವ ಶಿಬಿರಕ್ಕೆ ರೆಸಾರ್ಟೇ ಬೇಕೇ, ತೋಡು ಸಾಲದೇ?

ಕಳೆದ ವಾರ ಸ್ಟಾಫ್ ರೂಮಿನ ಮೇಜಿನ ಮೇಲೆ ಬಣ್ಣಬಣ್ಣದ ಕರಪತ್ರವೊಂದು ಬಂದು ಬಿದ್ದಿತ್ತು. ವಿದ್ಯಾರ್ಥಿ ನಾಯಕರಿಗಾಗಿ ಎರಡು ದಿನಗಳ ಹೊರಾಂಗಣ ಶಿಬಿರವಂತೆ. ಕಡಲ ತೀರದ ರೆಸಾರ್ಟಿನಲ್ಲಿ ವಾಸ, ಹಗ್ಗದ ಮೇಲೆ ನಡೆಯುವ ಆಟ, ಕಣ್ಣು ಮುಚ್ಚಿ ಗೆಳೆಯನ ತೋಳಿಗೆ ಬೀಳುವ ಆಟ, ರಾತ್ರಿ ಶಿಬಿರಾಗ್ನಿ, ಡಿಜೆ, ಹೊರಡುವಾಗ ಪ್ರಮಾಣಪತ್ರ. ತಲೆಗೆ 3,500 ರೂಪಾಯಿ. "ನೀವು ಶಿಬಿರ ಮಾಡಿಸಿದವರು, ನೋಡಿ ಹೇಳಿ" ಎಂದರು ಪ್ರಾಂಶುಪಾಲರು. ಆಗ ನಕ್ಕು ಸುಮ್ಮನಾದೆ. ಇಲ್ಲಿ ಸುಮ್ಮನಿರುವುದಿಲ್ಲ.

ಉಡುಪಿಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಾನು ರಾಷ್ಟ್ರೀಯ ಸೇವಾ ಯೋಜನೆಯ ಯೋಜನಾಧಿಕಾರಿಯೂ ಹೌದು. ಮೂರು ವಾರ್ಷಿಕ ಶಿಬಿರ ಮುಗಿದಿವೆ, ನಾಲ್ಕನೆಯದು ಈ ಡಿಸೆಂಬರಿನಲ್ಲಿ. ಈ ಯೋಜನೆ ಹುಟ್ಟಿದ್ದು ಗಾಂಧಿ ಜನ್ಮ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಗಳಲ್ಲಿ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ. ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗುವುದು, ಬಾವಿಕಟ್ಟೆಯಲ್ಲಿ ಸ್ನಾನ, ಬೆಳಗ್ಗೆ ಶ್ರಮದಾನ. ನನ್ನ ಓರಗೆಯವರಲ್ಲಿ ಬಹಳಷ್ಟು ಜನ ಇದನ್ನು ಉಂಡು ಬೆಳೆದವರು. ಈಗ ಇದೇ ಸರಕಿಗೆ ಹವಾನಿಯಂತ್ರಿತ ಹೊದಿಕೆ ಹೊದಿಸಿ ಮಾರುತ್ತಿದ್ದಾರೆ, ಒಳಗಿನ ತಿರುಳೊಂದನ್ನು ಬಿಟ್ಟು.

ತಿರುಳು ಎಂದರೆ ಏನು? ನಿರ್ಧಾರ ಮಕ್ಕಳದಾಗಿರಬೇಕು, ಅದು ಕೆಟ್ಟರೆ ಅದರ ಬಿಸಿ ಅವರಿಗೇ ತಟ್ಟಬೇಕು. ಹಗ್ಗದ ಆಟದಲ್ಲಿ ತಪ್ಪಿದರೆ ಕೆಳಗೆ ಬಲೆಯಿದೆ, ಪಕ್ಕದಲ್ಲಿ ಸೀಟಿ ಊದುವ ತರಬೇತುದಾರರಿದ್ದಾರೆ. ಶಿಬಿರದಲ್ಲಿ ಕುಚ್ಚಲಕ್ಕಿಯನ್ನು ಹತ್ತೂವರೆಗೆ ಒಲೆಗೆ ಹಾಕುವ ಬದಲು ಹನ್ನೆರಡಕ್ಕೆ ಹಾಕಿದರೆ ಐವತ್ತು ಜನರ ಊಟ ಎರಡು ಗಂಟೆಗೆ. ಆ ಐವತ್ತು ಮುಖಗಳನ್ನು ಎದುರಿಸಬೇಕಾದವಳು ಅಂದಿನ ಅಡುಗೆ ತಂಡದ ನಾಯಕಿ.

ಮೊದಲ ವರ್ಷ ನಾನೇ ಇದನ್ನು ಕೆಡಿಸಿದೆ. ಅಕ್ಕಿ ಬೇಯುವುದು ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಪೇಟೆಯ ಪರಿಚಿತರಿಗೆ ಫೋನ್ ಮಾಡಿ ಇಡ್ಲಿ ತರಿಸಿಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆ. ಮರುದಿನವೂ ಅಕ್ಕಿ ಹನ್ನೆರಡಕ್ಕೇ ಒಲೆಗೆ ಹೋಯಿತು!

ಅದೇ ವರ್ಷದ ಇನ್ನೊಂದು ತಪ್ಪು. ಹುಡುಗಿಯರನ್ನು ಅಡುಗೆಗೆ, ಹುಡುಗರನ್ನು ಗುದ್ದಲಿಗೆ ಹಾಕಿದ್ದೆ. ಮೂರನೆಯ ದಿನ ತೆಂಗಿನಕಾಯಿ ತುರಿಯುತ್ತಿದ್ದ ಹುಡುಗಿ ತಲೆ ಎತ್ತದೆಯೇ ಕೇಳಿದಳು, "ಸರ್, ಮನೆಯಲ್ಲೂ ನಾವು ಇದನ್ನೇ ಮಾಡುವುದು. ಇಲ್ಲಿಗೆ ಬಂದದ್ದು ಎಂತಕ್ಕೆ?" ಸಂಜೆಯೇ ಪಟ್ಟಿ ಹರಿದು ಹಾಕಿ ಹೊಸತು ಬರೆಯಲು ಅವಳ ಕೈಗೇ ಕಾಗದ ಕೊಟ್ಟೆ. ಹುಡುಗರು ತುರಿದ ಕಾಯಿಯಲ್ಲಿ ಚಿಪ್ಪಿನ ಚೂರು ಬಂತು ಎಂಬುದು ಬೇರೆ ವಿಷಯ.

ಹೋದ ವರ್ಷದ ಒಂದು ಬೆಳಗಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೆಬ್ರಿ ಕಡೆಯ ಒಂದು ಹಳ್ಳಿ. ಶಾಲೆಯ ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಹಾಕುವುದು ನಮ್ಮ ಕರಾವಳಿಯ ಹಳೆಯ ರೂಢಿ. ಹಿಂದೆ ಕಲ್ಲು ಮಣ್ಣು, ಈಗ ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಿದ ಮರಳು. ನೀರು ನಿಂತರೆ ಆಚೀಚೆಯ ಬಾವಿಗಳ ನೀರು ಏರುತ್ತದೆ, ತೋಟದವರಿಗೆ ಬೇಸಗೆಯ ಚಿಂತೆ ಸ್ವಲ್ಪ ಇಳಿಯುತ್ತದೆ. ಅಂದಿನ ನಾಯಕ ದ್ವಿತೀಯ ಬಿ.ಕಾಂ.ನ ಹುಡುಗ. ಕಾಲೇಜಿನ ಯಾವ ಕಾರ್ಯಕ್ರಮವಾದರೂ ನಿರೂಪಣೆ ಅವನದೇ. ದಂಡೆಯ ಮೇಲೆ ನಿಂತು, "ಚೀಲ ಬಾಯಿಯವರೆಗೆ ತುಂಬಿಸಿ, ಗಟ್ಟಿಯಾಗಿರಬೇಕು" ಎಂದು ಆಜ್ಞೆ ಹೊರಡಿಸುತ್ತಿದ್ದ. ಒಂದೊಂದು ಚೀಲ ಎತ್ತಲು ಇಬ್ಬರು ಬೇಕಾಯಿತು. ಮೂರನೆಯ ಸಾಲು ಇಡುವ ಹೊತ್ತಿಗೆ ಎಲ್ಲ ಸಂದಿಗಳಿಂದಲೂ ನೀರು ಚಿಮ್ಮತೊಡಗಿತು. ಅವನು ಎದುರಿಗೆ ಇನ್ನಷ್ಟು ಚೀಲ ಇಡಿಸಿದ. ನೀರು ಇನ್ನೊಂದು ಕಡೆಯಿಂದ ಬಂತು.

ಪ್ರತಿ ವರ್ಷ ಕಟ್ಟ ಹಾಕುವ ಮನೆಯಲ್ಲಿ ಬೆಳೆದವನು ನಾನು. ಚೀಲವನ್ನು ಮುಕ್ಕಾಲಿಗಿಂತ ಕಡಿಮೆ ತುಂಬಬೇಕು, ಆಗ ಅದು ಚಪ್ಪಟೆಯಾಗಿ ಕೂರುತ್ತದೆ, ಪಕ್ಕದ ಚೀಲಕ್ಕೆ ಒತ್ತಿಕೊಳ್ಳುತ್ತದೆ. ಉಬ್ಬಿದ ಚೀಲಗಳು ಕುಂಬಳಕಾಯಿಗಳ ಹಾಗೆ, ಎಷ್ಟು ಒಟ್ಟಿದರೂ ನಡುವೆ ಸಂದಿ. ಇಟ್ಟಿಗೆ ಗೋಡೆಯಂತೆ, ಕೆಳಗಿನ ಎರಡು ಚೀಲಗಳು ಸೇರುವಲ್ಲಿ ಮೇಲಿನದರ ನಡುಭಾಗ ಬರಬೇಕು. ಇಷ್ಟೂ ನಾಲಿಗೆಯ ತುದಿಯಲ್ಲಿತ್ತು. ತೋಟದ ಯಜಮಾನರು ನನ್ನ ಕಡೆ ನೋಡಿದರು, ಹೇಳಲೇ ಎಂಬಂತೆ. ಬೇಡವೆಂದು ಸನ್ನೆ ಮಾಡಿದೆ. ಅವರು ತಲೆಯ ಮೇಲಿದ್ದ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅಡಿಕೆ ಮರಕ್ಕೆ ಒರಗಿ ಕೂತರು. ನಲವತ್ತು ನಿಮಿಷ. ಇಂಟರ್ನಲ್ ಪರೀಕ್ಷೆಯ ಕೊಠಡಿಯಲ್ಲೂ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದಿಲ್ಲ.

ಕಡೆಗೆ ಹುಡುಗ ಪ್ಯಾಂಟ್ ಮಡಚಿ ನೀರಿಗಿಳಿದ. ಚೀಲಗಳನ್ನು ಕಾಲಿನಿಂದ ಒತ್ತಿ ನೋಡಿದ, ಅಲುಗಲಿಲ್ಲ. ಆಗ ಕೆಳಸಾಲಿನ ಬಳಿ ಬಗ್ಗಿದ್ದ ಹುಡುಗಿಯೊಬ್ಬಳು, "ಇದು ನೋಡು, ಹರಿದ ಚೀಲವೇ ಸರಿಯಾಗಿ ಕೂತಿದೆಯಲ್ಲ" ಎಂದಳು. ಹೊತ್ತು ತರುವಾಗ ಹರಿದು ಅರ್ಧ ಮರಳು ಸೋರಿಹೋಗಿದ್ದ ಚೀಲ ಅದು. ಅದರ ಪಕ್ಕದಲ್ಲಿ ಮಾತ್ರ ನೀರು ಬರುತ್ತಿರಲಿಲ್ಲ. ಅವನು ಅದನ್ನು ನೋಡುತ್ತ ನಿಂತ. ಆಮೇಲೆ ಎಲ್ಲರ ಎದುರು, ಮೈಕಿನ ಧ್ವನಿಯಲ್ಲಲ್ಲ, "ನಾನು ಹೇಳಿದ್ದು ತಪ್ಪಾಯಿತು. ಮೂರೂ ಸಾಲು ಬಿಚ್ಚೋಣ" ಎಂದ. ಬೈಗುಳ ಬಿದ್ದವು, ಆದರೆ ಯಾರೂ ಬಿಟ್ಟು ಹೋಗಲಿಲ್ಲ. ಸಂಜೆ ಕಟ್ಟದ ಹಿಂದೆ ಮೊಣಕಾಲಿನವರೆಗೆ ನೀರು ನಿಂತಿತ್ತು.

ನಮ್ಮಲ್ಲಿ ನಾಯಕತ್ವವೆಂದರೆ ಮೈಕು ಎಂದಾಗಿಬಿಟ್ಟಿದೆ. ಸ್ವಾಗತ, ನಿರೂಪಣೆ, ವಂದನಾರ್ಪಣೆ ಬಂದರೆ ನಾಯಕ. ಶಿಬಿರದ ಮೊದಲ ರಾತ್ರಿಯ ಅವಲೋಕನ ಸಭೆಯಲ್ಲೂ ಮಕ್ಕಳು ಎದ್ದು ನಿಂತು "ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು" ಎಂದು ವಂದಿಸಿ ಕೂರುತ್ತಾರೆ. ಸಾಂಬಾರಿಗೆ ಉಪ್ಪೇ ಇರಲಿಲ್ಲ ಎಂದು ಹೇಳುವ ಧೈರ್ಯ ಬರಲು ಮೂರು ದಿನ ಬೇಕು, ಅದನ್ನು ಕೇಳಿಸಿಕೊಳ್ಳಲು ಇನ್ನೂ ಒಂದು ದಿನ. ಎರಡು ದಿನಗಳ ಪ್ಯಾಕೇಜಿನ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಅಲ್ಲಿ ಜಗಳವಾಡಲೂ ಸಮಯವಿಲ್ಲ.

1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಸ್ಕೌಟ್ ಶಿಬಿರ ನಡೆಸಿದಾಗಲೂ ಹುಡುಗರನ್ನು ನಾಲ್ಕು ತಂಡ ಮಾಡಿ, ಪ್ರತಿ ತಂಡದ ಹೊಣೆಯನ್ನು ಒಬ್ಬ ಹುಡುಗನಿಗೇ ಬಿಟ್ಟಿದ್ದರು. ನೂರು ವರ್ಷ ದಾಟಿದ ಬುದ್ಧಿವಂತಿಕೆ.

ಎಲ್ಲವನ್ನೂ ಬಿಟ್ಟುಬಿಡಿ ಎನ್ನುತ್ತಿಲ್ಲ. ಹೊಳೆ, ಜಲಪಾತ, ಬೆಂಕಿ, ಜ್ವರದ ವಿಷಯದಲ್ಲಿ ಮತ ಹಾಕಿಸುವುದಿಲ್ಲ. ಕೂಡ್ಲು ತೀರ್ಥ ಜಲಪಾತಕ್ಕೆ ಹೋಗೋಣ ಸರ್ ಎಂದು ಪ್ರತಿ ವರ್ಷ ಅರ್ಜಿ ಬರುತ್ತದೆ, ಪ್ರತಿ ವರ್ಷ ತಿರಸ್ಕೃತವಾಗುತ್ತದೆ. ಎಲ್ಲರಿಗೂ ಶಿಬಿರ ಒಗ್ಗುತ್ತದೆ ಎಂದೂ ಹೇಳಲಾರೆ. ಉಗ್ರಾಣದ ಲೆಕ್ಕ ತಪ್ಪಿ ಅತ್ತು, ಹೊಣೆಯನ್ನು ಬೇರೆಯವರಿಗೆ ಒಪ್ಪಿಸಿ ಮೂಲೆ ಸೇರಿದ ಹುಡುಗಿಯೊಬ್ಬಳಿದ್ದಾಳೆ. ಅವಳ ಪಾಲಿಗೆ ನನ್ನ ಮೌನ ತಪ್ಪಾಗಿತ್ತೇನೋ ಎಂದು ಈಗಲೂ ಅನಿಸುತ್ತದೆ.

ಪ್ರಾಂಶುಪಾಲರಿಗೆ ನಿನ್ನೆ ಉತ್ತರ ಕೊಟ್ಟೆ. 3,500 ರೂಪಾಯಿ ಬೇಡ, ಮುನ್ನೂರು ಖಾಲಿ ಚೀಲ ಬೇಕು ಎಂದು. ಮಣಿಪಾಲ, ಕಾರ್ಕಳ, ಹೆಬ್ರಿ ಕಡೆಯ ಯಾರ ಮನೆಯಲ್ಲಾದರೂ ಕಟ್ಟಡದ ಕೆಲಸ ಮುಗಿದು ಸಿಮೆಂಟಿನ ಚೀಲ ಉಳಿದಿದ್ದರೆ ಇಲ್ಲಿ ತಿಳಿಸಿ. ಒಯ್ಯಲು ಮಕ್ಕಳೇ ಬರುತ್ತಾರೆ. ಯಾವ ಗಾಡಿಯಲ್ಲಿ, ಎಷ್ಟು ಗಂಟೆಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ, ನನಗೂ ಇನ್ನೂ ಹೇಳಿಲ್ಲ.