ಅಬುಧಾಬಿ ಒಪ್ಪಿದ ಲಸಿಕೆ ಚೀಟಿಯನ್ನು ಅಡ್ಯನಡ್ಕ ಒಪ್ಪಲಿಲ್ಲ

ನಿನ್ನೆ ನಮ್ಮೂರ ಹತ್ತಿರ ಒಂದು ಕನ್ನಡ ಸಮಾರಂಭವಿತ್ತು. ಮುಖ್ಯ ಅತಿಥಿಗಳು ಮಂಗಳೂರಿನಿಂದ ಬಂದಿದ್ದರು. ಗಡಿನಾಡ ಕನ್ನಡಿಗರೆಂದರೆ ಕನ್ನಡದ ಹೊಸಿಲು ಕಾಯುವವರು, ಅವರನ್ನು ಕರ್ನಾಟಕ ಎಂದೂ ಮರೆಯುವುದಿಲ್ಲ ಎಂದು ವೇದಿಕೆಯಲ್ಲಿ ಹೇಳಿದರು. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಆಮೇಲೆ ಊಟದ ಪಂಕ್ತಿಯಲ್ಲಿ ಮಾತು ಕೊರೊನಾ ಕಾಲಕ್ಕೆ ತಿರುಗಿತು. ಅದೇ ಅತಿಥಿಗಳು, "ಆಗ ಕೇರಳದ ಗಡಿ ಮುಚ್ಚಿದ್ದರಿಂದಲೇ ದಕ್ಷಿಣ ಕನ್ನಡ ಉಳಿಯಿತು, ಅದು ಒಳ್ಳೆಯ ನಿರ್ಧಾರ" ಎಂದರು. ಅಕ್ಕಪಕ್ಕದವರು ತಲೆಯಾಡಿಸಿದರು. ಅತಿಥಿಗಳೊಡನೆ ಎಲೆಯ ಮುಂದೆ ಕೂತು ವಾದಕ್ಕಿಳಿಯುವುದು ನಮ್ಮಲ್ಲಿ ಇಲ್ಲ. ಸಾರು ಬರುವ ಹೊತ್ತಿಗೆ ನನಗೆ ಊಟ ಸೇರದಾಗಿತ್ತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿದೆ ಎಂಬುದು ನಿಮಗೆಲ್ಲ ಗೊತ್ತು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ ಕಳೆದರೆ ಅಡ್ಕಸ್ಥಳ, ಅದರಾಚೆ ಕರ್ನಾಟಕದ ಸಾರಡ್ಕ, ಆಮೇಲೆ ಅಡ್ಯನಡ್ಕ. ನಮ್ಮ ಅಡಿಕೆ ಹೋಗುವುದು ವಿಟ್ಲಕ್ಕೆ, ಪುತ್ತೂರಿಗೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ. ಹೆರಿಗೆಗೆ, ಹೃದಯದ ಕಾಯಿಲೆಗೆ, ಡಯಾಲಿಸಿಸಿಗೆ ನಾವು ಹೋಗುವುದು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೆ. ಗಲ್ಫಿಗೆ ಹೋಗುವವರು ವಿಮಾನ ಹತ್ತುವುದು ಮಂಗಳೂರಿನ ಬಜಪೆಯಲ್ಲಿ. ಕಣ್ಣೂರಿನ ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಆರಂಭವಾದರೂ ನಮ್ಮ ಮೂಲೆಯಿಂದ ಅದು ದೂರವೇ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಿಸಿದ್ದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲೇ ಉಳಿಯಿತು. ಆದರೂ ಈ ಗಡಿಯೊಡನೆ ನಮ್ಮ ಹಿರಿಯರು ಹೊಂದಿಕೊಂಡು ಬಾಳಿದರು, ಏಕೆಂದರೆ ಅದನ್ನು ಯಾರೂ ಯಾವಾಗ ಬೇಕಾದರೂ ದಾಟಬಹುದಿತ್ತು.

2020ರ ಮಾರ್ಚಿನಲ್ಲಿ ಕರ್ನಾಟಕದವರು ಅದನ್ನು ಮುಚ್ಚಿದರು. ಟಿಪ್ಪರುಗಳಲ್ಲಿ ಮಣ್ಣು ತಂದು ರಸ್ತೆಗೆ ಸುರಿದರು. ನಮ್ಮ ಕಡೆಯ ಒಂದು ಒಳರಸ್ತೆಯಲ್ಲಿ ಸುರಿದ ರಾಶಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಳೆತ್ತರದ ಕೆಮ್ಮಣ್ಣು, ನಡುವೆ ಮುರಕಲ್ಲಿನ ತುಂಡುಗಳು, ಎಲ್ಲಿಂದಲೋ ಬುಡಸಮೇತ ಬಂದ ಒಂದು ಗೇರುಗಿಡ. ರಾಶಿಯ ಒಂದು ಬದಿಯಲ್ಲಿ ಯಾರೋ ಹಾರೆಯಿಂದ ಮೆಟ್ಟಿಲು ಕಡಿದಿದ್ದರು. ಹಾಲಿನ ಕ್ಯಾನು ಹಿಡಿದವರು, ಔಷಧದ ಪೊಟ್ಟಣ ತರುವವರು ಅದನ್ನೇ ಹತ್ತಿ ಇಳಿಯುತ್ತಿದ್ದರು. ಹಾಸಿಗೆ ಹಿಡಿದ ರೋಗಿ ಹೇಗೆ ಹತ್ತಬೇಕು? ಮಂಗಳೂರು ಹೆದ್ದಾರಿಯ ಗಡಿಯಾದ ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದಿರುಗಿದವು. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ಬಿಡಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡಲು ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ಹೇಳಿದ ಮೇಲೆ ಪ್ರಕರಣ ಮುಗಿಯಿತು. ಕಾಯಿಲೆಯವರನ್ನು ಆಸ್ಪತ್ರೆಗೆ ಬಿಡಬೇಕು ಎಂಬ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಒಪ್ಪಿಸಬೇಕಾಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಅದು ಹೊಸ ರೋಗ, ಎಲ್ಲರಿಗೂ ಭಯವಿತ್ತು ಎಂದು ಆ ಮೊದಲ ತಿಂಗಳುಗಳನ್ನು ಬೇಕಾದರೆ ಬದಿಗಿಡೋಣ. ನನ್ನ ಸಿಟ್ಟು ಅದಕ್ಕಿಂತ ಹೆಚ್ಚಾಗಿ 2021ರದ್ದು. ಆಗ ಲಸಿಕೆ ಬಂದಿತ್ತು, ಪ್ರಮಾಣಪತ್ರ ಬಂದಿತ್ತು, ಅದರ ಮೂಲೆಯಲ್ಲಿ ಕ್ಯೂಆರ್ ಕೋಡ್ ಕೂಡ ಇತ್ತು.

ನನ್ನ ತಮ್ಮ ಅಬುಧಾಬಿಯಲ್ಲಿ ಕೆಲಸದಲ್ಲಿದ್ದಾನೆ. ಆ ವರ್ಷದ ಆರಂಭದಲ್ಲಿ ರಜೆಗೆ ಬಂದವನು ಇಲ್ಲೇ ಸಿಕ್ಕಿಕೊಂಡ. ಏಪ್ರಿಲ್ ಕೊನೆಯ ವಾರ ಯುಎಇ ಭಾರತದಿಂದ ಬರುವವರನ್ನು ತಡೆಯಿತು. ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರವನ್ನು ಕೇಂದ್ರ 12ರಿಂದ 16 ವಾರಕ್ಕೆ ಏರಿಸಿತು. ವೀಸಾದ ಅವಧಿ ಕರಗುತ್ತಿರುವ ಮನೆಯಲ್ಲಿ ಹದಿನಾರು ವಾರ ಎಂದರೆ ಏನೆಂದು ಗಲ್ಫಿನವರ ಮನೆಯವರಿಗೆ ಮಾತ್ರ ಗೊತ್ತು. ಈ ಒಂದು ವಿಷಯದಲ್ಲಿ ಕೇರಳ ಸರಕಾರವನ್ನು ನಾನು ಮನಸಾರೆ ಹೊಗಳುತ್ತೇನೆ. ವಿದೇಶಕ್ಕೆ ಹೋಗುವವರಿಗೆ ಎರಡನೆಯ ಡೋಸ್ ಬೇಗ ಕೊಡುವ, ಪಾಸ್‌ಪೋರ್ಟ್ ಸಂಖ್ಯೆ ಇರುವ ಪ್ರತ್ಯೇಕ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಅದು ಮಾಡಿತು. ಜೂನ್ 7ರಂದು ಕೇಂದ್ರವೂ ಓದಿಗೆ, ಉದ್ಯೋಗಕ್ಕೆ ಹೊರಡುವವರಿಗೆ 28 ದಿನಗಳ ಬಳಿಕ ಎರಡನೆಯ ಡೋಸ್ ಕೊಡಬಹುದು ಎಂದಿತು.

ಆದರೆ ಚೀಟಿ ಸರಿಯಾಗಬೇಕಲ್ಲ. ತಮ್ಮನ ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರಗಳ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಮನೆಯ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದದ್ದು. ಲಸಿಕೆಯ ಕೋವಿನ್ ಜಾಲತಾಣದಲ್ಲಿ ಹೆಸರು ತಿದ್ದಲು ಆಗ ಇದ್ದದ್ದು ಒಂದೇ ಅವಕಾಶ. ಅಂದು ರಾತ್ರಿ ಅವನು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದ, ನಾನು ಪಾಸ್‌ಪೋರ್ಟ್ ಹಿಡಿದು ಒಂದೊಂದೇ ಅಕ್ಷರ ಓದುತ್ತಿದ್ದೆ, ಅಮ್ಮ ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಗುಂಡಿ ಒತ್ತುವ ಮೊದಲು "ಅಕ್ಕ, ಇನ್ನೊಮ್ಮೆ ಓದು" ಎಂದ. ಓದಿದೆ. ಒಂದು ಅಕ್ಷರ ತಪ್ಪಿದರೂ ಅವನ ಕೆಲಸ ಹೋಗುತ್ತಿತ್ತು.

ನೆರೆಮನೆಯ ಹುಡುಗನ ಪಾಡು ಇನ್ನೂ ಕಷ್ಟದ್ದು. ಆರೋಗ್ಯ ಕೇಂದ್ರದಲ್ಲಿ ಅಂದು ಇದ್ದದ್ದು ಕೋವ್ಯಾಕ್ಸಿನ್, ಅದನ್ನೇ ಹಾಕಿಸಿಕೊಂಡ. ವಿಶ್ವ ಆರೋಗ್ಯ ಸಂಸ್ಥೆ ಕೋವಿಶೀಲ್ಡ್‌ಗೆ ಫೆಬ್ರವರಿಯಲ್ಲೇ ಮಾನ್ಯತೆ ಕೊಟ್ಟಿತ್ತು, ಕೋವ್ಯಾಕ್ಸಿನ್‌ಗೆ ಕೊಟ್ಟದ್ದು ನವೆಂಬರ್ 3ರಂದು. ಸೌದಿಯಲ್ಲಿ ಕೆಲಸ ಮಾಡುವ ಒಬ್ಬರು ತಮಗೆ ಕೋವಿಶೀಲ್ಡ್ ಅನ್ನು ಮೂರನೆಯ ಚುಚ್ಚುಮದ್ದಾಗಿ ಕೊಡಿ ಎಂದು ಕೇರಳ ಹೈಕೋರ್ಟಿಗೇ ಹೋದರು, ಕೇಂದ್ರ ಒಪ್ಪಲಿಲ್ಲ. ಸರಕಾರ ಕೊಟ್ಟ ಲಸಿಕೆಯನ್ನು ನಂಬಿ ತೋಳು ಚಾಚಿದವನು ಆರು ತಿಂಗಳ ಸಂಬಳ ಕಳೆದುಕೊಂಡರೆ ಅದಕ್ಕೆ ಯಾರು ಹೊಣೆ? ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ.

ಯುಎಇ ಆಗಸ್ಟ್ 5ರಂದು ಬಾಗಿಲು ತೆರೆದಾಗ ಮುಖ್ಯವಾಗಿ ಅಲ್ಲೇ ಲಸಿಕೆ ಪಡೆದವರಿಗೆ ಎಂದಿತು. ಇಲ್ಲಿ ಲಸಿಕೆ ಪಡೆದು ಕಾಯುತ್ತಿದ್ದವರಿಗೆ ಸೆಪ್ಟೆಂಬರ್ 12ರಿಂದ ಅವಕಾಶ ಸಿಕ್ಕಿತು. ಹೊರಡುವ 48 ಗಂಟೆಗಳ ಒಳಗಿನ ಆರ್‌ಟಿಪಿಸಿಆರ್, ವಿಮಾನ ನಿಲ್ದಾಣದಲ್ಲಿ ಮತ್ತೊಂದು ಕ್ಷಿಪ್ರ ಪರೀಕ್ಷೆ, ಇಳಿದ ಮೇಲೆ ಮಗದೊಂದು. ಎಲ್ಲವನ್ನೂ ಮಾಡಿದೆವು. ಅದರ ಬಗ್ಗೆ ನನಗೆ ದೂರಿಲ್ಲ. ಅವರದು ಬೇರೆ ದೇಶ, ಬರುವವರಿಗೆ ಷರತ್ತು ಹಾಕುವುದು ಅವರ ಹಕ್ಕು. ಹಾಕಿದ ಷರತ್ತನ್ನು ಪೂರೈಸಿದ ಮೇಲೆ ಅವರು ಮಾತಿಗೆ ತಪ್ಪಲಿಲ್ಲ. ನಮ್ಮ ಕೋವಿಶೀಲ್ಡ್ ಚೀಟಿಯನ್ನು ನೋಡಿದರು, ಒಪ್ಪಿದರು.

ಒಪ್ಪದೆ ಹೋದದ್ದು ನಮ್ಮದೇ ಪಕ್ಕದ ಜಿಲ್ಲೆ. ಜುಲೈ ಆರಂಭದಲ್ಲಿ, ಕೇರಳದಿಂದ ಬರುವವರಿಗೆ ಒಂದು ಡೋಸ್ ಲಸಿಕೆಯ ಚೀಟಿ ಇದ್ದರೂ ಸಾಕು ಎಂದಿದ್ದ ಕರ್ನಾಟಕ ಸರಕಾರ, ಜುಲೈ 31ರಂದು ಮಾತು ಬದಲಿಸಿತು. ಲಸಿಕೆ ಹಾಕಿಸಿಕೊಂಡಿದ್ದರೂ 72 ಗಂಟೆಗಳ ಒಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯ. ಬಸ್ಸುಗಳು ನಿಂತವು. ಆಗಸ್ಟ್ ಕೊನೆಗೆ ಕೇರಳದಿಂದ ಬರುವ ವಿದ್ಯಾರ್ಥಿಗಳಿಗೂ ಉದ್ಯೋಗಿಗಳಿಗೂ ಏಳು ದಿನಗಳ ಕ್ವಾರಂಟೈನ್ ಎಂಬ ಆದೇಶವೂ ಬಂತು.

ತಮ್ಮ ಹೊರಟ ದಿನ ಅಪ್ಪ, ಅಮ್ಮ ಬಜಪೆಯವರೆಗೆ ಬರುತ್ತೇವೆಂದು ಕಾರು ಹತ್ತಿದರು. ಇಬ್ಬರಿಗೂ ಎರಡೂ ಡೋಸ್ ಆಗಿತ್ತು. ಅಪ್ಪ ಪ್ರಮಾಣಪತ್ರಗಳನ್ನು ಲ್ಯಾಮಿನೇಟ್ ಮಾಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದರು. ಆರ್‌ಟಿಪಿಸಿಆರ್ ಇದ್ದದ್ದು ತಮ್ಮನ ಬಳಿ ಮಾತ್ರ. ತಪಾಸಣೆಗೆ ನಿಂತಿದ್ದ ಯುವ ಪೊಲೀಸ್ ಸಿಬ್ಬಂದಿ ಒರಟಾಗಿ ಮಾತನಾಡಲಿಲ್ಲ. "ಅಜ್ಜ, ಇದು ನಡೆಯುವುದಿಲ್ಲ, ನೀವು ಇಳಿಯಬೇಕು" ಎಂದರು. ಅಪ್ಪ ಕಾರಿನ ಬಾನೆಟ್ ಮೇಲೆ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು, ಕೋಡನ್ನು ಬೆರಳಿನಿಂದ ತೋರಿಸಿ, "ಇದು ದಿಲ್ಲಿಯಿಂದ ಬಂದದ್ದಲ್ಲವೇ?" ಎಂದು ಕೇಳಿದರು. ಅದಕ್ಕೆ ಅವರು ಏನು ಹೇಳಬಲ್ಲರು? ನಮ್ಮ ಚಾಲಕನ ಬಳಿಯೂ ಪರೀಕ್ಷೆಯ ವರದಿ ಇರಲಿಲ್ಲ. ಆಚೆಯಿಂದ ಬೇರೆ ಟ್ಯಾಕ್ಸಿ ಕರೆಸಿ ಸೂಟ್‌ಕೇಸುಗಳನ್ನು ಕೈಯಲ್ಲಿ ಹೊತ್ತು ದಾಟಿಸಿದೆವು. ತಮ್ಮ ಅಲ್ಲೇ ರಸ್ತೆಯಲ್ಲಿ ಬಾಗಿ ಅಪ್ಪನ ಕಾಲು ಮುಟ್ಟಿದ. ಅಮ್ಮ ಕಟ್ಟಿಕೊಟ್ಟಿದ್ದ ಹಪ್ಪಳದ ಡಬ್ಬಿ ಗಡಿಬಿಡಿಯಲ್ಲಿ ನಮ್ಮ ಕಾರಿನಲ್ಲೇ ಉಳಿಯಿತು.

ಅದೇ ಸೆಪ್ಟೆಂಬರಿನಲ್ಲಿ ದೇಶದಲ್ಲಿ ಏನು ನಡೆಯುತ್ತಿತ್ತು ನೆನಪಿದೆಯೇ? ಬ್ರಿಟನ್ ಕೋವಿಶೀಲ್ಡ್ ಪಡೆದ ಭಾರತೀಯರನ್ನು ಲಸಿಕೆ ಪಡೆದವರೆಂದು ಪರಿಗಣಿಸುವುದಿಲ್ಲ ಎಂದಿತ್ತು. ಅದು ತಾರತಮ್ಯ ಎಂದು ನಮ್ಮ ವಿದೇಶಾಂಗ ಕಾರ್ಯದರ್ಶಿಯೇ ಹೇಳಿದರು. ಅಕ್ಟೋಬರ್ 4ರಿಂದ ಬ್ರಿಟಿಷರಿಗೂ ಅದೇ ನಿಯಮ ಎಂದು ಭಾರತ ತಿರುಗಿ ನಿಂತಿತು. 11ರಿಂದ ಬ್ರಿಟನ್ ಮಣಿಯಿತು. ನನಗೂ ಹೆಮ್ಮೆಯಾಯಿತು. ಆದರೆ ಲಂಡನ್ ನಮ್ಮ ಚೀಟಿಯನ್ನು ಒಪ್ಪದಿದ್ದರೆ ತಾರತಮ್ಯ, ಅಡ್ಯನಡ್ಕದ ದಾರಿಯಲ್ಲಿ ಒಪ್ಪದಿದ್ದರೆ ಮುನ್ನೆಚ್ಚರಿಕೆಯೇ? ರಾಜ್ಯಗಳ ನಡುವಿನ ಓಡಾಟಕ್ಕೆ ತಡೆ ಹಾಕಬೇಡಿ ಎಂದು ಕೇಂದ್ರ ಗೃಹ ಕಾರ್ಯದರ್ಶಿ 2020ರ ಆಗಸ್ಟ್ 22ರಂದೇ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದ್ದರು. ಅದಾಗಿ ಆರು ತಿಂಗಳಿಗೆ, 2021ರ ಫೆಬ್ರವರಿಯಲ್ಲಿ, ದಕ್ಷಿಣ ಕನ್ನಡಕ್ಕೆ ಹೋಗುವ ನಮ್ಮ ಒಳರಸ್ತೆಗಳನ್ನೆಲ್ಲ ಮತ್ತೆ ಮುಚ್ಚಿ ತಲಪಾಡಿ, ಸಾರಡ್ಕ, ಜಾಲ್ಸೂರಿನಂಥ ಕೆಲವೇ ಕಡೆ ದಾರಿ ಬಿಟ್ಟರು.

ಕೇರಳದಲ್ಲಿ ಆಗ ಪ್ರಕರಣಗಳು ವಿಪರೀತ ಇದ್ದವು ಎಂದು ನೀವು ಹೇಳುತ್ತೀರಿ. ಹೌದು, ಇದ್ದವು. 2021ರ ಆಗಸ್ಟಿನಲ್ಲಿ ದೇಶದ ದಿನದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇರಳದವೇ. ಲಸಿಕೆ ಪಡೆದವರಿಗೂ ಸೋಂಕು ಬರುತ್ತದೆ, ಹರಡುತ್ತದೆ ಎಂಬುದೂ ನಿಜ. ಆದರೆ ಆ ಅಂಕಿಗಳ ಬಹುಪಾಲು ಮಲಪ್ಪುರಂ, ತೃಶೂರು, ಕೋಝಿಕ್ಕೋಡ್, ಎರ್ನಾಕುಳಂನಂಥ ಜಿಲ್ಲೆಗಳವು. ಆ ಮಳೆಗಾಲದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಪ್ರತಿಕಾಯ ಇದ್ದವರ ಪ್ರಮಾಣ ದೇಶದಲ್ಲಿ ಶೇ. 67.6, ಕೇರಳದಲ್ಲಿ ಶೇ. 44.4. ಅಂದರೆ ಅದುವರೆಗೆ ಸೋಂಕು ತಗಲದೆ ಉಳಿದವರು ಇಲ್ಲಿ ಹೆಚ್ಚಿದ್ದರು. ತಿರುವನಂತಪುರದವರೆಗಿನ ಅಂಕಿಗಳನ್ನೆಲ್ಲ ಕೂಡಿಸಿ ಎಣ್ಮಕಜೆಯ ತಲೆಗೆ ಕಟ್ಟಿದ್ದು ಯಾವ ವಿಜ್ಞಾನ? ನಮ್ಮ ಪಡ್ರೆಯ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಮಗುವನ್ನು ಮಂಗಳೂರಿನ ವೈದ್ಯರಿಗೆ ತೋರಿಸಲು ಎತ್ತಿಕೊಂಡು ಹೋಗುವ ತಾಯಿ ಮೊದಲು ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗಾಗಿ ಕಾಯಬೇಕೇ? ಈ ಪ್ರಶ್ನೆಗೆ ಅಂಕಿ ಸಂಖ್ಯೆಯ ಉತ್ತರ ನನಗೆ ಬೇಡ.

ಕೇರಳ ಸರಕಾರವನ್ನೂ ನಾನು ಬಿಡುವುದಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. 2020ರಲ್ಲಿ ಮಹಾಮಾರಿ ಬಂದಾಗ ಬಳಸಲು ಸಿಕ್ಕಿದ್ದು ತರಗತಿಗಳಿಗೆಂದು ಕಟ್ಟಿದ ಕಟ್ಟಡ. ಅದನ್ನೇ ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಅದು ನಮ್ಮ ಮನೆಯ ದಾರಿಯಲ್ಲೇ ಇದೆ, ಪ್ರತಿ ಸಲ ಬದಿಯಡ್ಕಕ್ಕೆ ಹೋಗುವಾಗ ಕಾಣುತ್ತದೆ. ಅದು ಹೊತ್ತಿಗೆ ಸರಿಯಾಗಿ ಪೂರ್ಣಗೊಂಡಿದ್ದರೆ ತಲಪಾಡಿಯ ಆಂಬುಲೆನ್ಸುಗಳಲ್ಲಿದ್ದ ಕೆಲವರಾದರೂ ಬದುಕುತ್ತಿದ್ದರೋ ಏನೋ. ಲಸಿಕೆಯ ಸೂಚನೆಗಳು, ಪ್ರಯಾಣದ ನಿಯಮಗಳು ನಮ್ಮ ಪಂಚಾಯತಿಗಳಿಗೆ ಬಂದದ್ದು ಮಲಯಾಳದಲ್ಲಿ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕಾಯಿದೆಯೇ ನಮಗೆ ಕೊಟ್ಟಿದೆ. ಆದರೂ ಮಲಯಾಳ ಬಾರದ ಹಿರಿಯರಿಗೆ ಅದನ್ನೆಲ್ಲ ಓದಿ ಹೇಳಿದ್ದು ಮನೆಮನೆಯ ಶಾಲೆಯ ಮಕ್ಕಳು.

ಇಷ್ಟೆಲ್ಲ ಆದ ಮೇಲೂ ಕರ್ನಾಟಕದ ಮೇಲೆಯೇ ನನಗೆ ಹೆಚ್ಚು ಸಿಟ್ಟು ಏಕೆ ಎಂದು ಕೇಳಿದರೆ, ನಾನು ಹೆಚ್ಚು ನಂಬಿದ್ದು ಅದನ್ನೇ. ಹಾರ, ಶಾಲು, ಭಾಷಣ ನಮಗೆ ಬೇಕಾದಷ್ಟು ಸಿಕ್ಕಿವೆ. ಮಣ್ಣು ಸುರಿದದ್ದು ತಪ್ಪಾಯಿತು ಎಂದು ಅಲ್ಲಿಂದ ಬಂದ ಒಬ್ಬರಾದರೂ ಇಲ್ಲಿಯ ವೇದಿಕೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ನಮಗೆ ಬೇಕಾದದ್ದು ಎರಡೂ ಸರಕಾರಗಳು ಸಹಿ ಹಾಕಿದ ಒಂದು ಒಪ್ಪಂದ. ಮುಂದೆ ಯಾವ ರೋಗ ಬಂದರೂ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ನಡುವೆ ಆಸ್ಪತ್ರೆ, ಕಾಲೇಜು, ಉದ್ಯೋಗ, ವಿಮಾನ ನಿಲ್ದಾಣದ ದಾರಿ ಮುಚ್ಚಕೂಡದು. ಒಂದು ಕಡೆ ಮಾಡಿದ ಪರೀಕ್ಷೆ, ಹಾಕಿದ ಲಸಿಕೆ ಇನ್ನೊಂದು ಕಡೆಯೂ ಸಲ್ಲಬೇಕು. ನಿಯಮ ಬದಲಾದರೆ ಅಂದೇ ಕನ್ನಡದಲ್ಲೂ ಪ್ರಕಟವಾಗಬೇಕು. ಬರುವ ಗ್ರಾಮಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸುತ್ತೇನೆ. ಮಂಜೇಶ್ವರ, ಪೈವಳಿಕೆ, ವರ್ಕಾಡಿ, ಮೀಂಜ, ಪುತ್ತಿಗೆ, ಬೆಳ್ಳೂರು, ದೇಲಂಪಾಡಿಯ ಸ್ನೇಹಿತರು ತಮ್ಮ ತಮ್ಮ ಪಂಚಾಯತಿನಲ್ಲೂ ಮಂಡಿಸಿ. ಗಡಿಯಲ್ಲಿ ಹಿಂದೆ ಕಳುಹಿಸಿದ ದಿನದ ಪರೀಕ್ಷೆಯ ವರದಿ, ಆಸ್ಪತ್ರೆಯ ಚೀಟಿ, ರದ್ದಾದ ಟಿಕೆಟ್ ಏನಿದ್ದರೂ ಎಸೆಯಬೇಡಿ, ಅವುಗಳ ಪ್ರತಿ ನನಗೆ ಕಳುಹಿಸಿ. ಠರಾವಿನ ಕರಡನ್ನು ಈ ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ.