ಟೆಂಡರ್ ಬೇಡವೆನ್ನುವ ಕೊನೆಯ ಮಾತು ಯಾರದು?

ಪ್ರಶ್ನೆ: ನೌಕರರೇ ಒಡೆಯರಾಗಿರುವ ಅಮೆರಿಕದ ಪರಿಸರ ಸಲಹಾ ಸಂಸ್ಥೆಗಳಲ್ಲಿ ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಕೊನೆಯ ಮಾತು ಮಾರ್ಕೆಟಿಂಗ್ ನಿರ್ದೇಶಕರದಾಗಿರಬೇಕೆ? ಅಂಥ ಸಂಸ್ಥೆಗಳಲ್ಲಿ ದುಡಿಯುತ್ತಿರುವ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿಲ್ಲ.

ಪರ: ಹಾಲು ಹಿಂದಿರುಗಿಸುವವರು ಒಬ್ಬರು ಬೇಕು
ಮಾರ್ಕೆಟಿಂಗ್ ನಿರ್ದೇಶಕಿ, ಒಹಾಯೊ

ನನ್ನ ಹುದ್ದೆಯ ಹೆಸರಿನಲ್ಲಿ ಮಾರ್ಕೆಟಿಂಗ್ ಎಂಬ ಪದವಿದ್ದರೂ ನನ್ನ ದಿನದಲ್ಲಿ ಜಾಹೀರಾತಿಗೆ ಸಿಗುವ ಹೊತ್ತು ಬಹಳ ಕಡಿಮೆ. ಅಮೆರಿಕದ ಕೇಂದ್ರ ಸರ್ಕಾರವು ಎಂಜಿನಿಯರುಗಳನ್ನು ಅಗ್ಗದ ದರ ನೋಡಿ ಆರಿಸುವುದಿಲ್ಲ. 1972ರ ಬ್ರೂಕ್ಸ್ ಕಾಯ್ದೆಯ ಪ್ರಕಾರ ಮೊದಲು ಅರ್ಹತೆಯನ್ನು ತೂಗಿ ನೋಡಿ, ಎಲ್ಲರಿಗಿಂತ ಮೇಲೆ ನಿಂತ ಸಂಸ್ಥೆಯೊಡನೆ ಆಮೇಲಷ್ಟೇ ದರದ ಮಾತು ನಡೆಸುತ್ತದೆ; ಹೆಚ್ಚಿನ ರಾಜ್ಯಗಳೂ ಇದೇ ದಾರಿ ಹಿಡಿದಿವೆ. ಹೀಗಾಗಿ ನಾವು ಮುಂದಿಡಬೇಕಾದದ್ದು ನಮ್ಮ ಜನರನ್ನು ಮತ್ತು ಅವರು ಹಿಂದೆ ಮಾಡಿದ ಕೆಲಸವನ್ನು. ಎಸ್‌ಎಫ್ 330 ಎಂಬ ಸರ್ಕಾರಿ ನಮೂನೆಯಲ್ಲಿ ಮುಖ್ಯ ತಜ್ಞರ ಅನುಭವವನ್ನು ಒಬ್ಬೊಬ್ಬರದಾಗಿ ಬರೆಯಬೇಕು, ಮಾದರಿಯಾಗಿ 10 ಯೋಜನೆಗಳನ್ನು ತೋರಿಸಬೇಕು, ಯಾವ ತಜ್ಞರು ಯಾವ ಯೋಜನೆಯಲ್ಲಿ ದುಡಿದರೆಂಬ ಕೋಷ್ಟಕ ತುಂಬಬೇಕು, ಈ ಕೆಲಸಕ್ಕೆ ನಾವೇ ಏಕೆ ತಕ್ಕವರೆಂದು ವಿವರಿಸಬೇಕು. ಗಡುವು ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸು. ಅಂತರ್ಜಲದಲ್ಲಿ ದ್ರಾವಕ ಹರಡಿರುವ ಹಳೆಯ ಕಾರ್ಖಾನೆಯ ಬಗ್ಗೆ ಬರೆಯಬಲ್ಲ ಭೂವಿಜ್ಞಾನಿ ಆ ತಿಂಗಳೆಲ್ಲ ಬಾವಿ ಕೊರೆಯುವ ಯಂತ್ರದ ಪಕ್ಕದಲ್ಲಿರುತ್ತಾರೆ. ಅವರಿಂದ ನಾಲ್ಕು ಸಾಲು ಪಡೆಯಲು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವುದು, ಪಡೆದದ್ದನ್ನು ಓದಿಸಿಕೊಳ್ಳುವಂತೆ ತಿದ್ದುವುದು, ಪುಟದ ಮಿತಿಗೆ ಇಳಿಸುವುದು, ಇವೇ ನನ್ನ ಮತ್ತು ನನ್ನ ತಂಡದ ನಾಲ್ವರ ಕೆಲಸ.

ಭೂವಿಜ್ಞಾನಿಯ ಗಂಟೆ ಗ್ರಾಹಕರ ಬಿಲ್ಲಿಗೆ ಹೋಗುತ್ತದೆ. ನಮ್ಮ ಗಂಟೆ ಓವರ್‌ಹೆಡ್‌ಗೆ, ಅಂದರೆ ಯಾವ ಗ್ರಾಹಕರ ಬಿಲ್ಲಿಗೂ ಸೇರದ ಸಂಸ್ಥೆಯ ಸ್ವಂತ ಖರ್ಚಿಗೆ, ಹೋಗುತ್ತದೆ. ಬಿಲ್ಲಿಗೆ ಹೋಗದ ಗಂಟೆಗೆ ಬೆಲೆಯೇ ಇಲ್ಲವೆಂದು ನಂಬುವುದು ಬಹಳ ಸುಲಭ, ನಮ್ಮ ಇಡೀ ಉದ್ಯಮ ಹಾಗೆ ನಂಬಿ ಕುಳಿತಿದೆ. ನಾನು ವಿರೋಧಿಸುತ್ತಿರುವುದು ಆ ನಂಬಿಕೆಯನ್ನು.

ನೌಕರರ ಒಡೆತನ ಎಂದರೆ ಬೆಂಗಳೂರಿನ ಐಟಿ ಕಂಪನಿಗಳು ನೌಕರರಿಗೆ ಷೇರು ಕೊಡುವ ಈಸಾಪ್ ಯೋಜನೆ ನೆನಪಾಗಬಹುದು. ಇಲ್ಲಿಯದು ಬೇರೆ. 1974ರ ಎರಿಸಾ ಎಂಬ ಪಿಂಚಣಿ ಕಾಯ್ದೆಯ ಚೌಕಟ್ಟಿನಲ್ಲಿ ಷೇರುಗಳು ಒಂದು ಟ್ರಸ್ಟ್‌ನಲ್ಲಿರುತ್ತವೆ. ನೌಕರರು ಕೈಯಿಂದ ದುಡ್ಡು ಹಾಕದೆ ಅವರವರ ಖಾತೆಗೆ ಪ್ರತಿವರ್ಷ ಪಾಲು ಸೇರುತ್ತದೆ. ಹೊರಗಿನ ಮೌಲ್ಯಮಾಪಕರು ವರ್ಷಕ್ಕೊಮ್ಮೆ ಷೇರಿನ ಬೆಲೆ ಕಟ್ಟುತ್ತಾರೆ. ನಿವೃತ್ತಿಯ ಹೊತ್ತಿಗೆ ಸಂಸ್ಥೆ ಆ ಪಾಲನ್ನು ಮರಳಿ ಕೊಳ್ಳುತ್ತದೆ. ಕ್ಯಾನ್ಸಸ್ ಸಿಟಿಯ ಬರ್ನ್ಸ್ ಅಂಡ್ ಮೆಕ್‌ಡೊನೆಲ್, ಒಮಾಹಾದ ಎಚ್‌ಡಿಆರ್ ಮುಂತಾದ ದೊಡ್ಡ ಸಂಸ್ಥೆಗಳು ನೌಕರರ ಕೈಯಲ್ಲೇ ಇವೆ. ನಮ್ಮದು ಅವುಗಳ ಮುಂದೆ ಬಹಳ ಚಿಕ್ಕದು. ಆದರೆ ಲೆಕ್ಕ ಒಂದೇ: ಗೆಲ್ಲಲಾಗದ ಟೆಂಡರಿಗೆ ಸುರಿದ ಪ್ರತಿ ಗಂಟೆಯೂ ಎಲ್ಲರ ನಿವೃತ್ತಿ ನಿಧಿಯಿಂದಲೇ ಹೋಗುತ್ತದೆ, ಮಣ್ಣಿನ ಮಾದರಿ ತೆಗೆಯುವ ಇಪ್ಪತ್ತೈದು ವರ್ಷದ ಹುಡುಗಿಯ ನಿಧಿಯಿಂದಲೂ ಹೋಗುತ್ತದೆ.

ಇಂಥ ಸಂಸ್ಥೆಯಲ್ಲಿ ಬೇಡವೆನ್ನುವುದು ಬೇರೆಡೆಗಿಂತ ಕಷ್ಟ. ‘ಗೋ, ನೋ ಗೋ’ ಎಂಬ, ಅರ್ಜಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಯಲ್ಲಿ ಅಂಕಪಟ್ಟಿಯೇನೋ ಇರುತ್ತದೆ: ಗ್ರಾಹಕರು ನಮ್ಮನ್ನು ಬಲ್ಲರೇ, ಈಗ ಆ ಕೆಲಸ ಮಾಡುತ್ತಿರುವವರು ಯಾರು, ನಮ್ಮಲ್ಲಿ ತಕ್ಕ ಜನರಿದ್ದಾರೆಯೇ. ಅಂಕ ಎಷ್ಟೇ ಕಡಿಮೆ ಬಂದರೂ ಎದುರಿಗೆ ಕುಳಿತ ಹಿರಿಯ ಎಂಜಿನಿಯರ್ ಸಹೋದ್ಯೋಗಿಯಷ್ಟೇ ಅಲ್ಲ, ಒಡೆಯರೂ ಹೌದು. ಅವರು ‘ಒಂದು ಪ್ರಯತ್ನ ಮಾಡೋಣ’ ಎಂದರೆ ಸಾಕು, ಹನ್ನೊಂದು ಜನರಿರುವ ಕೋಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥದ್ದು) ಮುಚ್ಚಿದ ಕಸದ ಗುಡ್ಡಕ್ಕೆ ಸಂಬಂಧಿಸಿದ ಕೆಲಸಕ್ಕೆ ಹೀಗೆಯೇ ಹೊರಟೆವು. ಅದನ್ನು ಬಹುಕಾಲದಿಂದ ಇನ್ನೊಂದು ಸಂಸ್ಥೆ ಮಾಡುತ್ತಿತ್ತು, ಕೌಂಟಿಯವರಿಗೆ ಅವರ ಮೇಲೆ ದೂರೇನೂ ಇರಲಿಲ್ಲ. ದೀಪಾವಳಿಯ ವಾರವೆಲ್ಲ ನಾನು ಕಚೇರಿಯಲ್ಲಿದ್ದೆ. ಮಗಳು ದೀಪ ಹಚ್ಚಿದ್ದನ್ನು ಫೋನಿನ ಪರದೆಯಲ್ಲಿ ನೋಡಿದೆ. ಐದು ಅರ್ಜಿಗಳಲ್ಲಿ ನಮ್ಮದು ನಾಲ್ಕನೆಯದಾಯಿತು. ಅದಾದ ತಿಂಗಳೊಳಗೆ ನನ್ನ ತಂಡದ ಅತ್ಯಂತ ಸಮರ್ಥ ಹುಡುಗ ಕೆಲಸ ಬಿಟ್ಟ, ಮತ್ತು ಅವನು ಕೊಟ್ಟ ಕಾರಣವನ್ನು ಕೇಳಿ ನನಗೆ ಉತ್ತರ ಕೊಡಲಾಗಲಿಲ್ಲ: ‘ಸೋಲುತ್ತೇವೆಂದು ನಿಮಗೆ ಮೊದಲ ದಿನವೇ ಗೊತ್ತಿತ್ತಲ್ಲ.’

ಗೊತ್ತಿತ್ತು. ಹೇಳುವ ಅಧಿಕಾರ ಇರಲಿಲ್ಲ.

ಆ ಅಧಿಕಾರ ಹೇಗಿರುತ್ತದೆಂದು ನಾನು ಚಿಕ್ಕಂದಿನಲ್ಲೇ ಕಂಡಿದ್ದೇನೆ. ಹಾಸನ ಜಿಲ್ಲೆಯ ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಅಮ್ಮ ಬೆಳಿಗ್ಗೆ ಸಂಜೆ ಹಾಲು ಹಾಕುತ್ತಿದ್ದರು. ಅಲ್ಲಿ ಹಾಲು ಹಾಕುವವರೇ ಸದಸ್ಯರು, ಸದಸ್ಯರೇ ಒಡೆಯರು; ಕಾರ್ಯದರ್ಶಿ ಅವರೆಲ್ಲರ ಸಂಬಳದ ಆಳು. ಆದರೂ ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಕೊಳವೆ ಹಿಡಿದು ನಿಂತಾಗ ಕೊನೆಯ ಮಾತು ಅವನದು. ಒಂದು ಮಳೆಗಾಲದ ಬೆಳಿಗ್ಗೆ ಸಂಘದ ನಿರ್ದೇಶಕರೊಬ್ಬರ ಮನೆಯಿಂದ ಬಂದ ಹಾಲಿನಲ್ಲಿ ಕೊಳವೆ ಆಳಕ್ಕೆ ಮುಳುಗಿತು. ಸಾಲಿನಲ್ಲಿ ನಿಂತವರೆಲ್ಲ ನೆಲ ನೋಡುತ್ತಿದ್ದರು. ಕಾರ್ಯದರ್ಶಿ ಸದ್ದು ಮಾಡದೆ ಆ ಪಾತ್ರೆಯನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆದ. ಅದೇ ತಿಂಗಳು ಒಂದು ದಿನ ಅಮ್ಮನ ಹಾಲನ್ನೂ ಹಿಂದಿರುಗಿಸಿದ. ಪಾತ್ರೆ ಸರಿಯಾಗಿ ಕಾಯಿಸದೆ ಹಾಲು ಹುಳಿ ತಿರುಗಿತ್ತು. ಅಮ್ಮ ಅವಮಾನದಿಂದ ದಾರಿಯುದ್ದಕ್ಕೂ ಅತ್ತರು, ಮನೆಗೆ ಬಂದು ಪಾತ್ರೆಗೆ ಕುದಿಯುವ ನೀರು ಸುರಿದರು. ಸಂಜೆ ಅಪ್ಪ ಕಾರ್ಯದರ್ಶಿಯ ಮೇಲೆ ಜಗಳಕ್ಕೆ ಹೊರಟಾಗ ತಡೆದವರೂ ಅಮ್ಮನೇ. ‘ನಮ್ಮದು ಸುರಿದಿದ್ದರೆ ಕ್ಯಾನೆಲ್ಲ ಕೆಡುತ್ತಿತ್ತು, ಅದರಲ್ಲಿ ನಮ್ಮ ನಿನ್ನೆಯ ಹಾಲಿನ ದುಡ್ಡೂ ಹೋಗುತ್ತಿತ್ತು’ ಎಂದರು.

ಎಂಜಿನಿಯರುಗಳು ಇದಕ್ಕೆ ಹೇಳುವುದು ಒಂದೇ ಮಾತು: ಗ್ರಾಹಕರನ್ನು ಬಲ್ಲವರು ನಾವು, ನಿಮಗೇನು ಗೊತ್ತು? ಹದಿನಾಲ್ಕು ವರ್ಷಗಳಲ್ಲಿ ಗೆದ್ದ ಸೋತ ಪ್ರತಿಯೊಂದು ಅರ್ಜಿಯ ಕಡತ, ಪ್ರತಿ ಸೋಲಿನ ನಂತರ ಗ್ರಾಹಕರು ಹೇಳಿದ ಕಾರಣ, ಎದುರಾಳಿಗಳು ಯಾವ ಊರಿನಲ್ಲಿ ಎಷ್ಟು ಸಲ ಗೆದ್ದರೆಂಬ ಲೆಕ್ಕ ನನ್ನ ಬಳಿ ಇವೆ. ಪ್ರತಿಯೊಬ್ಬ ಎಂಜಿನಿಯರಿಗೆ ತಮ್ಮ ಗ್ರಾಹಕರು ಗೊತ್ತು, ಎಲ್ಲರ ಗ್ರಾಹಕರನ್ನೂ ಒಟ್ಟಿಗೆ ನೋಡುವವಳು ನಾನೊಬ್ಬಳೇ. ಕಾರ್ಯದರ್ಶಿ ಹಾಲು ಕರೆಯುತ್ತಿರಲಿಲ್ಲ. ಆದರೂ ಯಾವ ಹಾಲನ್ನು ಕ್ಯಾನಿಗೆ ಸುರಿಯಬಾರದೆಂದು ಹೇಳುವ ಕೆಲಸವನ್ನು ಕರೆಯುವವರೆಲ್ಲ ಸೇರಿ ಅವನಿಗೆ ಒಪ್ಪಿಸಿದ್ದರು.

ವಿರೋಧ: ತೀರ್ಮಾನ ಬಾವಿಯ ಬಳಿ ನಿಂತವರದು
ಜಲಭೂವಿಜ್ಞಾನಿ, ಮಿಶಿಗನ್

ಈ ಪಕ್ಷವನ್ನು ಬರೆಯುವಂತೆ ನನ್ನನ್ನು ಕೇಳಿದಾಗ ನಾನು ಅದನ್ನು ಪೂರ್ತಿ ಒಪ್ಪಿದವನಾಗಿರಲಿಲ್ಲ, ಈಗಲೂ ಅಲ್ಲ. ಆದರೂ ಇದರ ಪರವಾಗಿ ಹೇಳಬೇಕಾದ ಮಾತುಗಳು ಇವೆ, ಅವನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲನೆಯದು ಕಾನೂನಿನ ಮಾತು. ಒಡೆತನ ಎಂಬ ಪದ ನಮ್ಮಲ್ಲಿ ಅದರ ಅರ್ಥಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ. ಷೇರು ಮಾರುಕಟ್ಟೆಯಲ್ಲಿಲ್ಲದ ಸಂಸ್ಥೆಯಲ್ಲಿ ಟ್ರಸ್ಟ್‌ನ ಮೂಲಕ ಪಾಲು ಪಡೆದ ನೌಕರನಿಗೆ ಕಾನೂನು ಮತ ಕೊಡುವುದು ವಿಲೀನ, ಸಂಸ್ಥೆಯ ಬಹುಪಾಲು ಆಸ್ತಿಯ ಮಾರಾಟ, ಮುಚ್ಚುವಿಕೆಯಂಥ ಕೆಲವೇ ಸಂದರ್ಭಗಳಲ್ಲಿ; ಉಳಿದಂತೆ ಮತ ಹಾಕುವವರು ಟ್ರಸ್ಟಿ, ನಿರ್ದೇಶಕ ಮಂಡಳಿಯನ್ನು ಆರಿಸುವವರೂ ಅವರೇ. ಒಡೆಯರೆಂಬ ಹೆಸರಿನಲ್ಲಿ ನಾವು ಯಾರೂ ಇನ್ನೊಬ್ಬರ ಕೆಲಸವನ್ನು ತಡೆಯಲಾರೆವು. ನನಗಿಲ್ಲದ ಹಕ್ಕು ಮಾರ್ಕೆಟಿಂಗ್ ನಿರ್ದೇಶಕರಿಗೆ ಮಾತ್ರ ಏಕಿರಬೇಕು?

ಎರಡನೆಯದು ನನಗೆ ಹೆಚ್ಚು ಮುಖ್ಯ. ಕೆಲಸ ನಮ್ಮ ವೃತ್ತಿಯಲ್ಲಿ ಟೆಂಡರ್ ಪ್ರಕಟಣೆಯಿಂದ ಹುಟ್ಟುವುದಿಲ್ಲ, ಪರಿಚಯದಿಂದ ಹುಟ್ಟುತ್ತದೆ. ಕೆಲಸ ತರುವವರೂ ಮಾಡುವವರೂ ಒಬ್ಬರೇ ಆಗಿರಬೇಕೆಂದು ಇಲ್ಲಿ ನಿರೀಕ್ಷಿಸುತ್ತಾರೆ. ನಾನು ಒಂದು ಸಣ್ಣ ಪಟ್ಟಣದ ನೀರಿನ ಬಾವಿಗಳಿಂದ ವರ್ಷಗಟ್ಟಲೆ ಮಾದರಿ ತೆಗೆದಿದ್ದೇನೆ. ಆ ಪಟ್ಟಣದ ಮೊದಲ ಎರಡು ಕೆಲಸಗಳಿಗೆ ಅರ್ಜಿ ಹಾಕಿ ಸೋತಿದ್ದೆವು. ಶುಲ್ಕ ಕಡಿಮೆ, ಊರು ದೂರ, ಗ್ರಾಹಕರು ಅಪರಿಚಿತರು: ಅಂಕಪಟ್ಟಿ ಹಿಡಿದು ಕುಳಿತ ಯಾರೇ ಆಗಲಿ ಬೇಡವೆನ್ನುತ್ತಿದ್ದರು. ಎರಡನೆಯ ಸೋಲಿನ ನಂತರ ಅಲ್ಲಿಯ ನೀರು ಸರಬರಾಜು ಅಧಿಕಾರಿ ನಮ್ಮ ಅರ್ಜಿಯಲ್ಲಿದ್ದ ಅಂತರ್ಜಲದ ನಕ್ಷೆಯನ್ನು ಕುರಿತು ವಿಚಾರಿಸಲು ಫೋನ್ ಮಾಡಿದರು. ಮೂರನೆಯದು ನಮಗೆ ಬಂತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಬೇಗ ಕೊಳೆಯದ ರಾಸಾಯನಿಕಗಳ ಪೈಕಿ ಎರಡಕ್ಕೆ ಕುಡಿಯುವ ನೀರಿನಲ್ಲಿ ಲಕ್ಷ ಕೋಟಿಗೆ 4 ಪಾಲಿನ ಮಿತಿ ವಿಧಿಸಿದಾಗ ಆ ಪಟ್ಟಣ ಮೊದಲು ಕರೆದದ್ದು ನಮ್ಮನ್ನು. ಸೋತ ಎರಡು ಅರ್ಜಿಗಳನ್ನು ವ್ಯರ್ಥವೆಂದು ಬರೆದಿಟ್ಟ ಕಡತಕ್ಕೆ ಈ ಫೋನ್ ಕರೆ ಹೇಗೆ ಗೊತ್ತಾಗಬೇಕು?

ಬಣ್ಣದ ಕೋಷ್ಟಕಗಳನ್ನು ನಂಬುವವರ ಕೈಗೆ ಕೊನೆಯ ಮಾತು ಹೋದರೆ ಖಚಿತವಾಗಿ ಗೆಲ್ಲುವ ಕೆಲಸಗಳಿಗೆ ಮಾತ್ರ ನಾವು ಹೋಗುತ್ತೇವೆ, ಹೊಸ ಊರಿಗೆ ಹೊಸ ವಿಷಯಕ್ಕೆ ಕಾಲಿಡುವುದೇ ಇಲ್ಲ. ಕೆಲಸ ಕಡಿಮೆಯಾದಾಗ ಮೊದಲು ಮನೆಗೆ ಹೋಗಬೇಕಾದವರು ಬಿಲ್ಲಿಗೆ ಗಂಟೆ ಬರೆಯಲಾಗದ ಕಿರಿಯ ವಿಜ್ಞಾನಿಗಳು. ಅರ್ಜಿ ಬರೆಯುವ ಪ್ರೊಪೋಸಲ್ ತಂಡದವರು ರಾತ್ರಿಯೆಲ್ಲ ದುಡಿಯುತ್ತಾರೆ ಎನ್ನುವುದಾದರೆ, ಅದಕ್ಕೆ ಪರಿಹಾರ ಇನ್ನಿಬ್ಬರನ್ನು ನೇಮಿಸುವುದು.

ಇಷ್ಟು ಬರೆದ ಮೇಲೆ ಒಂದನ್ನು ಮುಚ್ಚಿಡಲಾರೆ. ನಾನು ಹಟ ಹಿಡಿದು ಬರೆಸಿದ, ಬರೆಸಬಾರದಿದ್ದ ಅರ್ಜಿಗಳೂ ಇವೆ. ಅವುಗಳಲ್ಲಿ ಒಂದರ ಗಡುವಿನ ಹಿಂದಿನ ರಾತ್ರಿ ನಾನು ಊಟ ಮಾಡಿ ಮಲಗಿದ್ದೆ, ನಮ್ಮ ಮಾರ್ಕೆಟಿಂಗ್ ನಿರ್ದೇಶಕರು ಬೆಳಗಿನ ಮೂರು ಗಂಟೆಗೆ ನನ್ನ ಕೊರೆತದ ದಾಖಲೆಗಳಲ್ಲಿದ್ದ ಆಳದ ಅಂಕಿ ತಪ್ಪಾಗಿದೆಯೆಂದು ಕಂಡುಹಿಡಿದು ಪತ್ರ ಕಳಿಸಿದ್ದರು. ಹಾಗಾಗಿ ಕೊನೆಯ ಮಾತು ಅವರದಾಗುವುದು ಬೇಡವೆಂದರೂ ಅದು ನನ್ನೊಬ್ಬನದೇ ಆಗಿರಲಿ ಎಂದು ಹೇಳಲು ನನಗೆ ಧೈರ್ಯ ಸಾಲದು. ಅರ್ಜಿ ಬೇಕೆನ್ನುವ ತಜ್ಞ ತನ್ನ ಬಿಲ್ಲಿನ ಗಂಟೆಗಳಿಂದ ನಲವತ್ತನ್ನು ಆ ಅರ್ಜಿಯ ಕೆಲಸಕ್ಕೆ ಮೊದಲೇ ಬರೆದುಕೊಟ್ಟು ಆಮೇಲೆ ಬೇಕೆನ್ನಲಿ. ಅಷ್ಟು ಕೊಟ್ಟವನನ್ನು ಯಾರೂ ತಡೆಯದಿರಲಿ.