ಅಮೆರಿಕದಲ್ಲಿ ಬಡವರೇ ಇಲ್ವಾ?

‘ಅಮೆರಿಕದಲ್ಲಿ ಬಡವರಿಲ್ಲ, ದುಡಿದವರೆಲ್ಲ ಶ್ರೀಮಂತರೇ’ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಇದು ತಪ್ಪು. 2023ರಲ್ಲಿ ಸುಮಾರು 3.68 ಕೋಟಿ ಜನ ಬಡತನ ರೇಖೆಗಿಂತ ಕೆಳಗಿದ್ದರು ಎಂದು ಅಲ್ಲಿನ ಜನಗಣತಿ ಇಲಾಖೆಯೇ ಹೇಳಿದೆ, ಅಂದರೆ ನೂರಕ್ಕೆ 11 ಮಂದಿ. ಅವರೆಲ್ಲ ಸೋಮಾರಿಗಳು ಅನ್ನಬೇಡಿ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟೂ ಏರಿಲ್ಲ. ವಾರಕ್ಕೆ 40 ಗಂಟೆಯಂತೆ ಒಂದು ದಿನವೂ ರಜೆ ಹಾಕದೆ ವರ್ಷವಿಡೀ ದುಡಿದರೂ ಸಿಗೋದು 15,080 ಡಾಲರ್, ಅದೂ ತೆರಿಗೆ ಹಿಡಿಯೋ ಮುಂಚೆ. (ಹಲವು ರಾಜ್ಯಗಳಲ್ಲಿ ಕೂಲಿ ಇದಕ್ಕಿಂತ ಜಾಸ್ತಿ, ನಿಜ.) ಇನ್ನು ‘ಸರಾಸರಿ ಆಸ್ತಿ’ ತೋರಿಸಿ ಎಲ್ಲರೂ ಶ್ರೀಮಂತರು ಅನ್ನೋ ಮೆಸೇಜ್‌ನ ಲೆಕ್ಕ ಬರೀ ಕಣ್ಕಟ್ಟು, ಕೆಲವೇ ಶ್ರೀಮಂತರ ಆಸ್ತಿಯೇ ಸರಾಸರಿಯನ್ನು ಮೇಲೆತ್ತುತ್ತೆ. ದೇಶದ ಆಸ್ತಿಯಲ್ಲಿ ಸುಮಾರು 30% ಇರೋದು ಮೇಲಿನ ನೂರಕ್ಕೆ ಒಬ್ಬರ ಕೈಲಿ; ಕೆಳಗಿನ ಅರ್ಧ ಜನರದ್ದೆಲ್ಲ ಸೇರಿದರೂ 3% ದಾಟಲ್ಲ.